ನಾವು ಹೋದ ಮೇಲೆ ಬಿಟ್‌ಕಾಯಿನ್ ಯಾರಿಗೆ? ಕ್ರಿಪ್ಟೋ ಮತ್ತು ಡಿಜಿಟಲ್ ಆಸ್ತಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೊಲಕ್ಕೆ ಪಹಣಿ ಇದೆ, ಸೈಟಿಗೆ ಖಾತಾ ಇದೆ, ಎಫ್‌ಡಿಗೆ ರಸೀದಿ ಇದೆ. ಮನೆಯ ಯಜಮಾನರು ಹೋದ ಮೇಲೆ ಇವುಗಳಿಗಾಗಿ ಓಡಾಡಲು ಒಂದು ಆಫೀಸು, ಒಂದು ಕೌಂಟರು ಇರುತ್ತದೆ. ಕ್ರಿಪ್ಟೋವನ್ನು (ಬಿಟ್‌ಕಾಯಿನ್‌ನಂಥ ಡಿಜಿಟಲ್ ಕಾಯಿನ್) ಕೀಲಿ ನಮ್ಮ ಕೈಯಲ್ಲೇ ಇರುವ ಸ್ವಂತ ವಾಲೆಟ್‌ನಲ್ಲಿಟ್ಟರೆ ಅದಕ್ಕೆ ಅಂಥ ಕೌಂಟರೇ ಇಲ್ಲ. ಅದಕ್ಕೇ ಎಷ್ಟೋ ಜನ ಕೇಳುತ್ತಾರೆ: ತಾನಾಗಿಯೇ ಮನೆಯವರಿಗೆ ಹೋಗುವ ಹಾಗೆ ಸೆಟ್ ಮಾಡಿಡಬಹುದಾ? ಮಾಡಿಡಬಹುದು. ಆದರೆ ಯಂತ್ರ ಯಾವ ಕೆಲಸ ಮಾಡುತ್ತದೆ, ಯಾವುದನ್ನು ನಾವೇ ಮಾಡಬೇಕು ಎಂಬುದು ಗೊತ್ತಿರಬೇಕು. ಇಲ್ಲಿನ ಉತ್ತರಗಳು ಭಾರತದ ಕಾನೂನಿಗೆ ಸಂಬಂಧಿಸಿದವು. ದೊಡ್ಡ ಮೊತ್ತ ಇದ್ದರೆ ವಕೀಲರನ್ನೂ ಆಡಿಟರನ್ನೂ ಒಮ್ಮೆ ಕಾಣಿ.

ಭಾರತದಲ್ಲಿ ಕ್ರಿಪ್ಟೋವನ್ನು ಆಸ್ತಿ ಅಂತ ಒಪ್ಪುತ್ತಾರಾ? ವಿಲ್‌ನಲ್ಲಿ ಬರೆಯಬಹುದಾ?

ಬರೆಯಬಹುದು. ಕ್ರಿಪ್ಟೋ ನಮ್ಮಲ್ಲಿ ಚಲಾವಣೆಯ ಹಣ ಅಲ್ಲ, ನಿಷೇಧಿತ ವಸ್ತುವೂ ಅಲ್ಲ. 2022ರ ಬಜೆಟ್‌ನಲ್ಲಿ ಇದಕ್ಕೆ 'ವರ್ಚುವಲ್ ಡಿಜಿಟಲ್ ಆಸ್ತಿ' ಎಂದು ಹೆಸರಿಟ್ಟು ತೆರಿಗೆ ಹಾಕಿದರು. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್ (ಕ್ರಿಪ್ಟೋ ಕೊಳ್ಳುವ, ಮಾರುವ ತಾಣ) ಹ್ಯಾಕ್ ಆದಾಗ ಹೂಡಿಕೆದಾರರೊಬ್ಬರು ತಮ್ಮ ಎಕ್ಸ್‌ಆರ್‌ಪಿ ಕಾಯಿನ್‌ಗಳಿಗಾಗಿ ಕೋರ್ಟಿಗೆ ಹೋದರು. ಆ ಕೇಸಿನಲ್ಲಿ ಮದ್ರಾಸ್ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಕ್ರಿಪ್ಟೋ ಕೂಡ ಆಸ್ತಿಯೇ, ಅದನ್ನು ಒಬ್ಬರ ಪರವಾಗಿ ಇನ್ನೊಬ್ಬರು ಟ್ರಸ್ಟ್ ಆಗಿ ಹಿಡಿದಿಟ್ಟುಕೊಳ್ಳಬಹುದು ಎಂದು ಹೇಳಿತು. ಹಾಗಾಗಿ ಒಡವೆ, ಷೇರುಗಳ ಸಾಲಿನಲ್ಲೇ ಇದನ್ನೂ ವಿಲ್‌ಗೆ ಸೇರಿಸಿ.

ಏನೂ ಮಾಡಿಡದೆ ತೀರಿಕೊಂಡರೆ ಏನಾಗುತ್ತದೆ?

ಅದು ಕಾಯಿನ್ ಎಲ್ಲಿದೆ ಎಂಬುದರ ಮೇಲೆ ಹೋಗುತ್ತದೆ.

ಎಕ್ಸ್‌ಚೇಂಜ್‌ನಲ್ಲಿದ್ದರೆ ದಾರಿ ಇದೆ. 2023ರ ಮಾರ್ಚ್‌ನಿಂದ ಈ ಕಂಪನಿಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಕೆಳಗೆ ಬಂದಿವೆ. ಗ್ರಾಹಕರ ಕೆವೈಸಿ ಅವರ ಬಳಿ ಇರಲೇಬೇಕು. ಮರಣ ಪ್ರಮಾಣ ಪತ್ರ, ವಿಲ್ ಅಥವಾ ಕೋರ್ಟಿನ ಉತ್ತರಾಧಿಕಾರ ಪ್ರಮಾಣ ಪತ್ರ, ವಾರಸುದಾರರ ಕೆವೈಸಿ ಇವನ್ನೆಲ್ಲ ಕೊಟ್ಟು ಕೇಳಬಹುದು. ತಿಂಗಳುಗಟ್ಟಲೆ ಹಿಡಿಯಬಹುದು, ಆದರೆ ಕೇಳಲು ಒಬ್ಬರಾದರೂ ಇದ್ದಾರೆ.

ಸ್ವಂತ ವಾಲೆಟ್‌ನಲ್ಲಿದ್ದು ಸೀಡ್ ಫ್ರೇಸ್ (ವಾಲೆಟ್ ತೆರೆಯುವ 12 ಅಥವಾ 24 ಪದಗಳ ಗುಟ್ಟು) ಯಾರಿಗೂ ಗೊತ್ತಿಲ್ಲದಿದ್ದರೆ ಕಥೆ ಮುಗಿಯಿತು. ಕೋರ್ಟು ನಿಮ್ಮ ಮಗಳ ಪರ ಆದೇಶ ಕೊಟ್ಟರೂ ಬಿಟ್‌ಕಾಯಿನ್ ನೆಟ್‌ವರ್ಕ್‌ಗೆ ಆ ಆದೇಶ ಓದಲು ಬರುವುದಿಲ್ಲ. ಕಾಯಿನ್ ಎಲ್ಲಿದೆ ಎಂದು ಲೋಕಕ್ಕೆಲ್ಲ ಕಾಣುತ್ತದೆ, ತೆಗೆಯಲು ಮಾತ್ರ ಯಾರಿಗೂ ಆಗುವುದಿಲ್ಲ.

ಇಲ್ಲಿ ಎಲ್ಲರೂ ಹೇಳುವ ಉದಾಹರಣೆ ಕೆನಡಾದ ಕ್ವಾಡ್ರಿಗಾ ಸಿಎಕ್ಸ್ ಎಕ್ಸ್‌ಚೇಂಜ್. ಅದರ ಮುಖ್ಯಸ್ಥ ಜೆರಾಲ್ಡ್ ಕಾಟನ್ 2018ರ ಡಿಸೆಂಬರ್‌ನಲ್ಲಿ ನಮ್ಮ ಜೈಪುರದಲ್ಲೇ ತೀರಿಕೊಂಡರು. ಪಾಸ್‌ವರ್ಡ್ ಅವರೊಬ್ಬರಿಗೇ ಗೊತ್ತಿತ್ತು, ಗ್ರಾಹಕರ ಹಣ ಒಳಗೇ ಸಿಕ್ಕಿಕೊಂಡಿದೆ ಎಂಬ ಸುದ್ದಿ ಎಲ್ಲ ಕಡೆ ಓಡಾಡಿತು. ಆದರೆ 2020ರಲ್ಲಿ ಒಂಟಾರಿಯೋ ಸೆಕ್ಯುರಿಟೀಸ್ ಕಮಿಷನ್ ಹೇಳಿದ್ದೇ ಬೇರೆ: ನಷ್ಟದ ಬಹುಪಾಲಿಗೆ ಕಾಟನ್ ಮಾಡಿದ ಮೋಸವೇ ಕಾರಣ. ಅಂದರೆ ಎಕ್ಸ್‌ಚೇಂಜ್‌ನಲ್ಲಿಟ್ಟರೆ ಕೀಲಿಯ ಚಿಂತೆ ಇಲ್ಲ, ಆದರೆ ಎಕ್ಸ್‌ಚೇಂಜ್‌ನದ್ದೇ ಚಿಂತೆ ಇರುತ್ತದೆ.

ನಾಮಿನಿ ಹೆಸರು ಹಾಕಿದ್ದೇನೆ. ಸಾಕಲ್ವಾ?

ಸಾಲದು. ನಾಮಿನಿ ಅಂದರೆ ಹಣವನ್ನು ಮೊದಲು ಕೈಗೆ ತೆಗೆದುಕೊಳ್ಳುವವರು, ಅಷ್ಟೇ. ಒಡೆತನ ವಾರಸುದಾರರದ್ದು. ಸುಪ್ರೀಂ ಕೋರ್ಟ್ ಇದನ್ನು 1984ರಲ್ಲಿ ಇನ್ಶೂರೆನ್ಸ್ ಬಗ್ಗೆ ಹೇಳಿತು, 2023ರ ಡಿಸೆಂಬರ್‌ನಲ್ಲಿ ಷೇರುಗಳ ಬಗ್ಗೆ ಹೇಳಿತು. ತಮ್ಮನನ್ನು ನಾಮಿನಿ ಮಾಡಿ ಹೆಂಡತಿಗೆ ವಿಲ್ ಬರೆದಿದ್ದರೆ ಹಣ ಕೊನೆಗೆ ಹೆಂಡತಿಗೇ ಸೇರಬೇಕು. ನಡುವೆ ಮನಸ್ತಾಪ ಬೇರೆ.

ಇನ್ನೊಂದು ವಿಷಯ. ಬ್ಯಾಂಕ್ ಖಾತೆಗೆ 2025ರ ನವೆಂಬರ್ 1ರಿಂದ ನಾಲ್ಕು ನಾಮಿನಿಗಳವರೆಗೆ, ಡಿಮ್ಯಾಟ್ ಮತ್ತು ಮ್ಯೂಚುವಲ್ ಫಂಡ್‌ಗೆ ಹತ್ತರವರೆಗೆ ಹಾಕಬಹುದು. ಇವಕ್ಕೆ ಕಾನೂನಿನ ಬಲ ಇದೆ. ಕ್ರಿಪ್ಟೋಗೆ ಹಾಗೆ ಪ್ರತ್ಯೇಕ ನಾಮಿನಿ ಕಾನೂನು ಇಲ್ಲ. ನಿಮ್ಮ ಎಕ್ಸ್‌ಚೇಂಜ್ ಆ ಸೌಲಭ್ಯ ಕೊಟ್ಟಿದ್ದರೆ ಖಂಡಿತ ಹಾಕಿ, ಆದರೆ ಅದನ್ನೇ ನಂಬಿ ಕೂರಬೇಡಿ.

'ಆಟೋಮ್ಯಾಟಿಕ್' ಅಂತಾರಲ್ಲ, ನಾನು ಸತ್ತದ್ದು ಅದಕ್ಕೆ ಹೇಗೆ ಗೊತ್ತಾಗುತ್ತದೆ?

ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ನೀವು ಇಷ್ಟು ದಿನದಿಂದ ಸದ್ದು ಮಾಡಿಲ್ಲ ಎಂಬುದು ಮಾತ್ರ. ಇಂಥ ಎಲ್ಲ ವ್ಯವಸ್ಥೆಗಳೂ ಇದೇ ಒಂದು ಲೆಕ್ಕದ ಮೇಲೆ ನಡೆಯುತ್ತವೆ. ನೀವು ಆಗಾಗ ಒಂದು ಬಟನ್ ಒತ್ತುತ್ತೀರಿ, ಇಲ್ಲವೇ ಒಂದು ವ್ಯವಹಾರ ಮಾಡುತ್ತೀರಿ. ಅವಧಿ ಮುಗಿದರೂ ಒತ್ತಲಿಲ್ಲ ಅಂದರೆ ಬಾಗಿಲು ಇನ್ನೊಬ್ಬರಿಗೆ ತೆರೆದುಕೊಳ್ಳುತ್ತದೆ.

ಅಪಘಾತವಾಗಿ ಆರು ತಿಂಗಳು ಹಾಸಿಗೆ ಹಿಡಿದರೂ ಅದು ಹಾಗೇ ತೆರೆದುಕೊಳ್ಳುತ್ತದೆ. ಫೋನ್ ಕಳೆದು, ಪಾಸ್‌ವರ್ಡ್ ಮರೆತರೂ ಅಷ್ಟೇ. ಅದಕ್ಕೆ ಅವಧಿಯನ್ನು ಮೂರು ತಿಂಗಳಿಗೆ ಇಡಬೇಡಿ, ಒಂದು ವರ್ಷದ ಆಸುಪಾಸು ಇರಲಿ. ತುರ್ತು ಖರ್ಚಿಗೆ ಮನೆಯವರಿಗೆ ಬ್ಯಾಂಕಿನ ಹಣ ಇರಬೇಕೇ ಹೊರತು ಕ್ರಿಪ್ಟೋ ಅಲ್ಲ.

ಬಿಟ್‌ಕಾಯಿನ್‌ನಲ್ಲಿ ಇದನ್ನು ಮಾಡುವುದು ಹೇಗೆ?

ಟೈಮ್‌ಲಾಕ್ ಎಂಬ ಸೌಲಭ್ಯ ಬಿಟ್‌ಕಾಯಿನ್‌ನ ಒಳಗೇ ಇದೆ. 2015 ಮತ್ತು 2016ರಲ್ಲಿ ಬಂದ ಬದಲಾವಣೆಗಳಿಂದ ಇದು ಸುಲಭವಾಯಿತು. ನಿಮ್ಮ ಕೀಲಿಯಿಂದ ಯಾವಾಗ ಬೇಕಾದರೂ ಖರ್ಚು ಮಾಡಬಹುದು. ಮಗಳ ಕೀಲಿ ಮಾತ್ರ ಆ ಕಾಯಿನ್ ಇಂತಿಷ್ಟು ಕಾಲ ಅಲುಗಾಡದೆ ಇದ್ದರೆ ಕೆಲಸ ಮಾಡುತ್ತದೆ. ಲಿಯಾನಾ ಎಂಬ ವಾಲೆಟ್ ಇದೇ ಕೆಲಸಕ್ಕೆ ಮಾಡಿದ್ದು.

ಈ ರೀತಿಯ ಲಾಕ್‌ನ ಗರಿಷ್ಠ ಅವಧಿ 65,535 ಬ್ಲಾಕ್ (ನೆಟ್‌ವರ್ಕ್‌ಗೆ ಸೇರುವ ವ್ಯವಹಾರಗಳ ಒಂದೊಂದು ಕಂತೆ). ಹತ್ತು ನಿಮಿಷಕ್ಕೊಂದು ಬ್ಲಾಕ್ ಅಂದರೆ ಸುಮಾರು 15 ತಿಂಗಳು. ಅಷ್ಟರೊಳಗೆ ಒಮ್ಮೆ ನೀವು ಕಾಯಿನ್‌ಗಳನ್ನು ನಿಮಗೇ ಕಳಿಸಿಕೊಂಡರೆ ಗಡಿಯಾರ ಮತ್ತೆ ಮೊದಲಿಂದ ಶುರು. ಪ್ರತಿ ಸಲ ನೆಟ್‌ವರ್ಕ್ ಶುಲ್ಕ ಬೀಳುತ್ತದೆ. ಯುಗಾದಿಗೋ ದೀಪಾವಳಿಗೋ ಒಂದು ದಿನ ಗೊತ್ತು ಮಾಡಿಕೊಂಡರೆ ಮರೆಯುವುದಿಲ್ಲ.

ಇದರಲ್ಲಿ ನನಗೆ ಇಷ್ಟವಾಗುವುದು ನಡುವೆ ಯಾವ ಕಂಪನಿಯೂ ಇಲ್ಲ ಎಂಬುದು. ಸಾಫ್ಟ್‌ವೇರ್ ಮಾಡಿದವರು ಅಂಗಡಿ ಮುಚ್ಚಿದರೂ ನಿಯಮ ಬ್ಲಾಕ್‌ಚೈನ್‌ನಲ್ಲೇ ಇರುತ್ತದೆ. ಆದರೆ ಒಂದು ಎಚ್ಚರ: ಇಂಥ ವಾಲೆಟ್ ತೆರೆಯಲು ಸೀಡ್ ಮಾತ್ರ ಸಾಲದು, 'ಡಿಸ್ಕ್ರಿಪ್ಟರ್' ಎಂಬ ಒಂದು ಚಿಕ್ಕ ಫೈಲ್ ಕೂಡ ಬೇಕು. ಅದರ ಪ್ರತಿ ಮಗಳ ಬಳಿಯೂ ಇರಬೇಕು. ಬಹಳ ಜನ ಎಡವುವುದು ಇಲ್ಲೇ.

ಇಥೀರಿಯಂನಲ್ಲಿ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಬರೆಸಿದರೆ?

ಆಗುತ್ತದೆ. ಇಥೀರಿಯಂ ಬಿಟ್‌ಕಾಯಿನ್‌ನಂಥದ್ದೇ ಇನ್ನೊಂದು ನೆಟ್‌ವರ್ಕ್, ಅದರ ಕಾಯಿನ್ ಈಥರ್; ಅದರಲ್ಲಿ ತಾನಾಗಿಯೇ ನಡೆಯುವ ಕೋಡ್‌ಗೆ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಅಂತಾರೆ. 'ಮಾಲೀಕ 365 ದಿನ ಸದ್ದು ಮಾಡದಿದ್ದರೆ ಈ ವಿಳಾಸ ಹಣ ತೆಗೆಯಬಹುದು' ಎಂದು ಬರೆಯುವುದು ಕೋಡ್ ಬಲ್ಲವರಿಗೆ ಕಷ್ಟವಲ್ಲ. ಆದರೆ ಕೋಡ್‌ನಲ್ಲಿ ತಪ್ಪಿದ್ದರೆ ತಿದ್ದಲು ಆಗುವುದಿಲ್ಲ. 2017ರ ನವೆಂಬರ್‌ನಲ್ಲಿ ಪ್ಯಾರಿಟಿ ಎಂಬ ವಾಲೆಟ್‌ನ ಕೋಡ್‌ನಲ್ಲಿದ್ದ ದೋಷದಿಂದ 5 ಲಕ್ಷಕ್ಕೂ ಹೆಚ್ಚು ಈಥರ್ ಹೆಪ್ಪುಗಟ್ಟಿತು. ಕದ್ದವರು ಯಾರೂ ಇಲ್ಲ, ಸುಮ್ನೆ ಹಾಗೇ ಸಿಕ್ಕಿಕೊಂಡಿದೆ. ಆ ಕೋಡ್ ಬರೆದವರು ಅನುಭವಿಗಳೇ. ಹಾಗಾಗಿ ಪರಿಚಯದ ಹುಡುಗನ ಕೈಲಿ ಹೊಸ ಕಾಂಟ್ರ್ಯಾಕ್ಟ್ ಬರೆಸುವುದು ಬೇಡ. 'ಸೇಫ್' ಎಂಬ ವಾಲೆಟ್‌ನಂಥ, ವರ್ಷಗಟ್ಟಲೆ ಬಳಕೆಯಲ್ಲಿರುವ ಮಲ್ಟಿಸಿಗ್ ವಾಲೆಟ್ (ಒಂದಕ್ಕಿಂತ ಹೆಚ್ಚು ಕೀಲಿ ಸೇರಿದರೆ ತೆರೆಯುವಂಥದ್ದು) ವಾಸಿ.

ಅಂದಹಾಗೆ, ಹಣ ತೆಗೆಯಲು ಗ್ಯಾಸ್ ಎಂಬ ನೆಟ್‌ವರ್ಕ್ ಶುಲ್ಕಕ್ಕೆ ಸ್ವಲ್ಪ ಈಥರ್ ಬೇಕು. ವಾರಸುದಾರರ ವಿಳಾಸದಲ್ಲಿ ಮೊದಲೇ ಚೂರು ಹಾಕಿಡಿ.

ಹಾಗಾದರೆ ಸ್ಮಾರ್ಟ್ ಕಾಂಟ್ರ್ಯಾಕ್ಟೇ ವಿಲ್ ಆಯಿತಲ್ವಾ?

ಇಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಪ್ರಕಾರ ವಿಲ್ ಬರೆದವರು ಸಹಿ ಹಾಕಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಕಂಪ್ಯೂಟರ್ ದಾಖಲೆಗಳಿಗೆ ಮಾನ್ಯತೆ ಕೊಡುವ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿಲ್‌ಗೆ ಅನ್ವಯಿಸುವುದಿಲ್ಲ ಎಂದು ಆ ಕಾಯ್ದೆಯಲ್ಲೇ ಬರೆದಿದೆ. ಇಮೇಲ್ ವಿಲ್, ಡಿಜಿಟಲ್ ಸಹಿಯ ವಿಲ್, ಬ್ಲಾಕ್‌ಚೈನ್ ವಿಲ್ ಯಾವುದೂ ನಡೆಯುವುದಿಲ್ಲ. ಕಾಗದ, ಪೆನ್ನು, ಇಬ್ಬರು ಸಾಕ್ಷಿ.

ಅಂದರೆ ಕೋಡ್ ಕಾಯಿನ್ ಅನ್ನು ಕೈ ದಾಟಿಸಬಹುದು, ಹಕ್ಕನ್ನು ದಾಟಿಸಲಾರದು. ಒಬ್ಬರು ವಿಲ್ ಬರೆದಿಲ್ಲ, ಟೈಮ್‌ಲಾಕ್ ಮೂಲಕ ಎಲ್ಲವೂ ದೊಡ್ಡ ಮಗನಿಗೆ ಹೋಯಿತು ಎಂದುಕೊಳ್ಳಿ. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಮಗ, ಮಗಳು, ತಾಯಿ ಎಲ್ಲರಿಗೂ ಸಮಪಾಲು. ತಂದೆ ಈ ಮೊದಲ ಪಟ್ಟಿಯಲ್ಲಿಲ್ಲ, ಇದು ಬಹಳ ಜನರಿಗೆ ಗೊತ್ತಿಲ್ಲ. ಹಾಗಾಗಿ ತಂಗಿ ಪಾಲು ಕೇಳಿ ಕೋರ್ಟಿಗೆ ಹೋದರೆ ಅಣ್ಣನ ಬಳಿ ಕಾಯಿನ್ ಇರುತ್ತದೆ, ಉತ್ತರ ಇರುವುದಿಲ್ಲ. ಮುಸ್ಲಿಮರಲ್ಲಿ ವಿಲ್ ಮೂಲಕ ಕೊಡಬಹುದಾದದ್ದು ಸಾಮಾನ್ಯವಾಗಿ ಮೂರನೇ ಒಂದು ಭಾಗ, ಅದಕ್ಕಿಂತ ಜಾಸ್ತಿ ಕೊಡಲು ವಾರಸುದಾರರ ಒಪ್ಪಿಗೆ ಬೇಕು. ಕೋಡ್‌ಗೆ ಇದ್ಯಾವುದೂ ತಿಳಿಯದು.

ಮೊದಲು ವಿಲ್, ಆಮೇಲೆ ಕೋಡ್. ಎರಡರಲ್ಲೂ ಒಂದೇ ಹೆಸರುಗಳು, ಒಂದೇ ಪಾಲು ಇರಲಿ.

ವಿಲ್ ರಿಜಿಸ್ಟರ್ ಮಾಡಿಸಲೇಬೇಕಾ?

ಕಡ್ಡಾಯವಲ್ಲ. ಆದರೂ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮಾಡಿಸಿದರೆ ಆಮೇಲೆ 'ಇದು ಅವರ ಸಹಿ ಅಲ್ಲ' ಎನ್ನುವ ತಕರಾರು ಕಡಿಮೆ. ಪಾಲು ಪಡೆಯುವವರನ್ನು ಸಾಕ್ಷಿ ಮಾಡಬೇಡಿ.

ಸೀಡ್ ಫ್ರೇಸ್ ಅನ್ನು ವಿಲ್‌ನಲ್ಲೇ ಬರೆದುಬಿಡಲಾ?

ಬೇಡವೇ ಬೇಡ. ವಿಲ್ ವಕೀಲರ ಕೈ, ಟೈಪಿಸ್ಟ್ ಕೈ, ಸಾಕ್ಷಿಗಳ ಕೈ, ನಾಳೆ ಕೋರ್ಟಿನ ಫೈಲು ಹೀಗೆ ಹತ್ತು ಕಡೆ ಹೋಗುವ ಕಾಗದ. ಸೀಡ್ ನೋಡಿದವರು ನೀವು ಬದುಕಿರುವಾಗಲೇ ಕಾಯಿನ್ ತೆಗೆಯಬಹುದು. ವಿಲ್‌ನಲ್ಲಿ 'ನನ್ನ ಎಲ್ಲ ವರ್ಚುವಲ್ ಡಿಜಿಟಲ್ ಆಸ್ತಿ ಇಂಥವರಿಗೆ' ಎಂದು ಬರೆಯಿರಿ, ಬೇಕಾದ ಮಾಹಿತಿ ಬೇರೆ ಪತ್ರದಲ್ಲಿದೆ ಎಂದು ಸೇರಿಸಿ. ವಾಲೆಟ್ ಬದಲಾದಾಗ ಆ ಪತ್ರ ಮಾತ್ರ ಬದಲಿಸಿದರೆ ಸಾಕು.

ಆ ಪತ್ರದಲ್ಲಿ ಏನಿರಬೇಕು?

ಮನೆಯಲ್ಲಿ ಇದರ ಗಂಧಗಾಳಿ ಇಲ್ಲದವರು ಓದಿದರೂ ಅರ್ಥವಾಗಬೇಕು. ಏನೇನು ಇದೆ, ಎಲ್ಲಿದೆ, ಯಾವ ಎಕ್ಸ್‌ಚೇಂಜ್, ಯಾವ ವಾಲೆಟ್ ಆ್ಯಪ್, ಹಾರ್ಡ್‌ವೇರ್ ವಾಲೆಟ್ (ಕೀಲಿ ಇಡುವ, ಪೆನ್ ಡ್ರೈವ್‌ನಂಥ ಸಾಧನ) ಬೀರುವಿನ ಯಾವ ಖಾನೆಯಲ್ಲಿದೆ, ಸೀಡ್ ಯಾರ ಬಳಿ ಇದೆ. ಸೀಡ್ ಮಾತ್ರ ಈ ಪತ್ರದಲ್ಲಿ ಇರಬಾರದು. ಪಾಸ್‌ಫ್ರೇಸ್ ಎಂಬ ಹೆಚ್ಚುವರಿ ಪದ ಇಟ್ಟಿದ್ದರೆ ಅದು ಇದೆ ಎಂಬುದನ್ನಾದರೂ ತಿಳಿಸಿ. ಅದಿಲ್ಲದೆ 24 ಪದ ಹಾಕಿದರೆ ಖಾಲಿ ವಾಲೆಟ್ ತೆರೆಯುತ್ತದೆ, ಮನೆಯವರು 'ಏನೂ ಇರಲಿಲ್ಲ' ಎಂದು ಬಿಟ್ಟುಬಿಡುತ್ತಾರೆ.

ಯಾರನ್ನು ಕೇಳಬೇಕು, ಯಾರನ್ನು ನಂಬಬಾರದು ಎಂದೂ ಬರೆಯಿರಿ. ಸಾವಿನ ಮನೆಯ ವಾಸನೆ ಹಿಡಿದು 'ವಾಲೆಟ್ ರಿಕವರಿ ಮಾಡಿಕೊಡ್ತೀವಿ' ಎಂದು ಬರುವವರಿದ್ದಾರೆ. ಸೀಡ್ ಕೇಳಿದವರು ಯಾರೇ ಆಗಲಿ ಕಳ್ಳರೇ ಎಂದು ದಪ್ಪ ಅಕ್ಷರದಲ್ಲಿ ಬರೆದಿಡಿ.

ಮನೆಯವರಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಸೀಡ್ ಕನ್ನಡದಲ್ಲಿ ಬರೆದಿಡಬಹುದಾ?

ಪತ್ರ ಕನ್ನಡದಲ್ಲೇ ಇರಲಿ, ಸೀಡ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಈ ಪದಗಳು 2,048 ಪದಗಳ ಒಂದು ನಿಗದಿತ ಪಟ್ಟಿಯಿಂದ ಬರುತ್ತವೆ. ಜಪಾನಿ, ಫ್ರೆಂಚ್ ಪಟ್ಟಿಗಳಿವೆ, ಕನ್ನಡದ್ದು ಇಲ್ಲ. ಕನ್ನಡ ಲಿಪಿಯಲ್ಲಿ ಬರೆದರೆ ಸ್ಪೆಲ್ಲಿಂಗ್ ಹೋಗುತ್ತದೆ. ದೊಡ್ಡಕ್ಷರದಲ್ಲಿ, ನಂಬರ್ ಹಾಕಿ, ಕ್ರಮ ತಪ್ಪದಂತೆ ಬರೆಯಿರಿ. ಪ್ರತಿ ಪದದ ಮೊದಲ ನಾಲ್ಕು ಅಕ್ಷರ ಸರಿ ಇದ್ದರೂ ಪದ ಯಾವುದೆಂದು ಗೊತ್ತಾಗುತ್ತದೆ, ಪಟ್ಟಿ ಮಾಡಿರುವುದೇ ಹಾಗೆ.

ಕಾಗದ ಸಾಕು, ಆದರೆ ಮಲೆನಾಡಿನ ಮಳೆಗಾಲದ ತೇವ, ಗೆದ್ದಲು ಎರಡೂ ಕಾಗದಕ್ಕೆ ಶತ್ರು. ಸ್ಟೀಲ್ ತಗಡಿನ ಮೇಲೆ ಕೊರೆದಿಟ್ಟರೆ ಬೆಂಕಿ, ನೀರು ಎರಡಕ್ಕೂ ತಡೆಯುತ್ತದೆ. ಫೋನಿನಲ್ಲಿ ಫೋಟೋ ತೆಗೆದು, ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಇಡುವುದು ಮಾತ್ರ ಬೇಡ.

ಸೀಡ್ ಅನ್ನು ಅರ್ಧ ಅರ್ಧ ಮಾಡಿ ಇಬ್ಬರಿಗೆ ಕೊಟ್ಟರೆ?

ಜಾಣತನದಂತೆ ಕಾಣುತ್ತದೆ, ಆದರೆ ಒಬ್ಬರು ತುಂಡು ಕಳೆದರೆ ಎಲ್ಲವೂ ಹೋಯಿತು. ಅದರ ಬದಲು ಎರಡು ಒಳ್ಳೆಯ ದಾರಿಗಳಿವೆ. ಒಂದು, ಮೂರು ಕೀಲಿಗಳ ಮಲ್ಟಿಸಿಗ್: ಯಾವುದಾದರೂ ಎರಡು ಸೇರಿದರೆ ವಾಲೆಟ್ ತೆರೆಯುತ್ತದೆ. ಒಂದು ನಿಮ್ಮಲ್ಲಿ, ಒಂದು ಹೆಂಡತಿಯಲ್ಲಿ, ಇನ್ನೊಂದು ಬ್ಯಾಂಕ್ ಲಾಕರ್‌ನಲ್ಲೋ ನಂಬಿಕಸ್ಥ ಭಾವಮೈದುನನಲ್ಲೋ. ಒಬ್ಬರೇ ಏನೂ ಮಾಡಲಾರರು, ಒಬ್ಬರು ಕಳೆದರೂ ಹಣ ಹೋಗದು. ಇನ್ನೊಂದು, ಗಣಿತಜ್ಞ ಆದಿ ಶಮೀರ್ 1979ರಲ್ಲಿ ಕೊಟ್ಟ ವಿಧಾನ. ಗುಟ್ಟನ್ನು ಮೂರು ಚೀಟಿ ಮಾಡಿದರೆ ಯಾವುದಾದರೂ ಎರಡು ಚೀಟಿಯಿಂದ ಪೂರ್ತಿ ಗುಟ್ಟು ಬರುತ್ತದೆ, ಒಂದೇ ಚೀಟಿಯಿಂದ ಏನೂ ಬರದು. ಟ್ರೆಜರ್ ಎಂಬ ಹಾರ್ಡ್‌ವೇರ್ ವಾಲೆಟ್‌ನ ಕೆಲವು ಸಾಧನಗಳಲ್ಲಿ ಇದು ಇದೆ.

'ಈಗಲೇ ಕೊಟ್ಟರೆ ಮಗ ಖರ್ಚು ಮಾಡಿಬಿಡ್ತಾನೆ' ಎನ್ನುವವರಿಗೆ ಮೊದಲನೆಯದೇ ಸರಿ.

ಗೂಗಲ್, ಆಪಲ್, ಫೇಸ್‌ಬುಕ್ ಖಾತೆಗಳು?

ನಿಜ ಹೇಳಬೇಕೆಂದರೆ ಹೆಚ್ಚಿನವರಿಗೆ ಕ್ರಿಪ್ಟೋಗಿಂತ ಇದೇ ದೊಡ್ಡದು. ಇಪ್ಪತ್ತು ವರ್ಷದ ಫೋಟೋ ಇರುವುದು ಇಲ್ಲೇ, ಬ್ಯಾಂಕಿನ ಸ್ಟೇಟ್‌ಮೆಂಟ್ ಬರುವುದೂ ಇಲ್ಲೇ.

ಗೂಗಲ್‌ನಲ್ಲಿ 'ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್' 2013ರಿಂದ ಇದೆ, ಪುಕ್ಕಟೆ. 3, 6, 12 ಅಥವಾ 18 ತಿಂಗಳು ಆರಿಸಿ. ಅಷ್ಟು ಕಾಲ ಖಾತೆ ಬಳಸದಿದ್ದರೆ ನೀವು ಹೆಸರಿಸಿದ ಹತ್ತು ಜನರವರೆಗೆ ಮಾಹಿತಿ ಡೌನ್‌ಲೋಡ್ ಮಾಡಿಕೊಳ್ಳಲು ಬಿಡುತ್ತದೆ. ಏನೂ ಮಾಡದೆ ಬಿಟ್ಟರೆ ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು. ಇವತ್ತೇ ಮಾಡಬಹುದಾದ ಕೆಲಸ ಇದು.

ಆಪಲ್‌ನಲ್ಲಿ ಐದು ಜನರವರೆಗೆ 'ಲೆಗಸಿ ಕಾಂಟ್ಯಾಕ್ಟ್' ಇಡಬಹುದು. ಅವರಿಗೆ ಕೊಟ್ಟ ಆ್ಯಕ್ಸೆಸ್ ಕೀ, ಮರಣ ಪ್ರಮಾಣ ಪತ್ರ ಎರಡೂ ಬೇಕು. ಫೋಟೋ, ಮೆಸೇಜ್ ಸಿಗುತ್ತದೆ. ಕೀಚೈನ್‌ನಲ್ಲಿಟ್ಟ ಪಾಸ್‌ವರ್ಡ್‌ಗಳು ಸಿಗುವುದಿಲ್ಲ. ಸೀಡ್ ಅಲ್ಲಿಟ್ಟು ನೆಮ್ಮದಿಯಾಗಿರುವವರು ಇದನ್ನು ಎರಡು ಸಲ ಓದಿ. ಫೇಸ್‌ಬುಕ್‌ನಲ್ಲಿ ಲೆಗಸಿ ಕಾಂಟ್ಯಾಕ್ಟ್ ಆದವರು ಪುಟ ನೋಡಿಕೊಳ್ಳಬಹುದು, ಖಾಸಗಿ ಮೆಸೇಜ್ ಓದಲಾಗದು. ವಾಟ್ಸ್ಆ್ಯಪ್ ಖಾತೆ 120 ದಿನ ಬಳಸದಿದ್ದರೆ ಅಳಿಯುತ್ತದೆ.

ಅಪ್ಪನ ಸಿಮ್ ಇನ್ನು ಯಾಕೆ ಅಂತ ರೀಚಾರ್ಜ್ ನಿಲ್ಲಿಸಿದೆವು...

ಇದು ಎಲ್ಲ ಮನೆಯಲ್ಲೂ ಆಗುತ್ತದೆ. ಓಟಿಪಿ ಬರುವುದು ಆ ನಂಬರ್‌ಗೇ. ಮೂರು ತಿಂಗಳು ಬಳಸದೆ ಬಿಟ್ಟರೆ ಸಂಪರ್ಕ ಕಡಿಯಬಹುದು, ಆಮೇಲೆ ಆ ನಂಬರ್ ಬೇರೆಯವರ ಪಾಲು. ಕಂಪನಿಯ ಅಂಗಡಿಗೆ ಮರಣ ಪ್ರಮಾಣ ಪತ್ರ ತೆಗೆದುಕೊಂಡು ಹೋಗಿ ನಂಬರನ್ನು ಮನೆಯವರ ಹೆಸರಿಗೆ ಮಾಡಿಸಿ. ಹಾಗೆಂದು ತೀರಿಕೊಂಡವರ ಯುಪಿಐನಿಂದ ಹಣ ತೆಗೆಯಬೇಡಿ. ಎಲ್ಲ ವಾರಸುದಾರರಿಗೂ ಲೆಕ್ಕ ಹೇಳಬೇಕಾದ ಹಣ ಅದು.

ಅಪ್ಪ ತೀರಿಕೊಂಡರು. ಕ್ರಿಪ್ಟೋ ಇತ್ತಾ ಇಲ್ವಾ ಅಂತ ಹೇಗೆ ಹುಡುಕೋದು?

ಮೊದಲು ತೆರಿಗೆಯ ಕಾಗದ ನೋಡಿ. 2022ರ ಜುಲೈ 1ರಿಂದ ಕ್ರಿಪ್ಟೋ ಮಾರಾಟಕ್ಕೆ ಶೇ. 1 ಟಿಡಿಎಸ್ ಇದೆ. 2026ರ ಮಾರ್ಚ್‌ವರೆಗಿನದು ತೆರಿಗೆ ಇಲಾಖೆಯ ಫಾರ್ಮ್ 26ಎಎಸ್ ಮತ್ತು ಎಐಎಸ್ ಎಂಬ ಪಟ್ಟಿಗಳಲ್ಲಿ 194ಎಸ್ ಎಂಬ ಸೆಕ್ಷನ್ ಕೆಳಗೆ, ತೆರಿಗೆ ಕಡಿತ ಮಾಡಿದವರ ಹೆಸರಿನ ಸಮೇತ ಬರುತ್ತದೆ. ರಿಟರ್ನ್‌ನಲ್ಲಿ ಇದಕ್ಕೆ ಬೇರೆ ಶೆಡ್ಯೂಲೇ ಇದೆ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ವಾರಸುದಾರರಾಗಿ ನೋಂದಣಿ ಮಾಡಿಕೊಂಡರೆ ಇವನ್ನು ನೋಡಬಹುದು. ಅವರ ಕೊನೆಯ ರಿಟರ್ನ್ ಸಲ್ಲಿಸಲೂ ಅದು ಬೇಕು.

ಆಮೇಲೆ ಬ್ಯಾಂಕ್ ಸ್ಟೇಟ್‌ಮೆಂಟ್, ಇಮೇಲ್. ಮನೆಯಲ್ಲಿ ಪೆನ್ ಡ್ರೈವ್‌ನಂಥ ಸಾಧನ, 12 ಅಥವಾ 24 ಇಂಗ್ಲಿಷ್ ಪದ ಬರೆದ ಹಳೆಯ ಚೀಟಿ ಸಿಕ್ಕರೆ ಗುಜರಿಗೆ ಹಾಕಬೇಡಿ. ಬ್ಯಾಂಕಿನ ಹಳೆಯ ಠೇವಣಿಗೆ ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್ ಇದೆ, ವಾಲೆಟ್‌ಗೆ ಅಂಥದ್ದೇನೂ ಇಲ್ಲ. ಎಕ್ಸ್‌ಚೇಂಜ್‌ಗೆ ಬರೆಯುವ ಮೊದಲು ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿಟ್ಟುಕೊಳ್ಳಿ, ಹೇಗೂ ಎಲ್ಲ ಕಡೆ ಕೇಳುತ್ತಾರೆ.

ತೆರಿಗೆ ಎಷ್ಟು?

ಪಿತ್ರಾರ್ಜಿತವಾಗಿ ಬಂದದ್ದಕ್ಕೆ ತೆರಿಗೆ ಇಲ್ಲ. ಎಸ್ಟೇಟ್ ಡ್ಯೂಟಿ ನಮ್ಮಲ್ಲಿ 1985ರಲ್ಲೇ ರದ್ದಾಯಿತು. ಮಾರಿದಾಗ ಲಾಭದ ಮೇಲೆ ಶೇ. 30, ಅದರ ಮೇಲೆ ಸೆಸ್. ಕೊಂಡ ಬೆಲೆ ಬಿಟ್ಟರೆ ಬೇರೆ ಖರ್ಚು ಕಳೆಯಲು ಬಿಡುವುದಿಲ್ಲ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಹೊಂದಿಸಲೂ ಬಿಡುವುದಿಲ್ಲ. ಅದಕ್ಕೆ ನೀವು ಯಾವಾಗ, ಎಷ್ಟಕ್ಕೆ ಕೊಂಡಿರಿ ಎಂಬ ದಾಖಲೆ ಮನೆಯವರಿಗೆ ಸಿಗುವಂತಿರಲಿ. ಎಕ್ಸ್‌ಚೇಂಜ್ ಮುಚ್ಚಿಹೋದರೆ ಆ ಪಟ್ಟಿಯೂ ಹೋಗುತ್ತದೆ. ವರ್ಷಕ್ಕೊಮ್ಮೆ ಪ್ರಿಂಟ್ ತೆಗೆದಿಡಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯಿಸುವುದರಿಂದ ಹಳೆಯ ಸೆಕ್ಷನ್ ನಂಬರ್ ಹಿಡಿದು ಹುಡುಕಿದರೆ ಗೊಂದಲವಾದೀತು.

ಮಕ್ಕಳು ಇನ್ನೂ ಚಿಕ್ಕವರು.

ಹಾಗಿದ್ದರೆ ಟೈಮ್‌ಲಾಕ್‌ನಲ್ಲಿ ನೇರವಾಗಿ ಮಗುವಿನ ಹೆಸರಿಗೆ ಎಂಬ ಯೋಚನೆ ಬಿಡಿ. ವಿಲ್‌ನಲ್ಲಿ ನೋಡಿಕೊಳ್ಳುವವರನ್ನು ಹೆಸರಿಸಿ, ಮೊತ್ತ ದೊಡ್ಡದಿದ್ದರೆ ಟ್ರಸ್ಟ್ ಬಗ್ಗೆ ವಕೀಲರನ್ನು ಕೇಳಿ.

ಯೂಟ್ಯೂಬ್ ಚಾನೆಲ್, ವೆಬ್‌ಸೈಟ್, ಕಿಂಡಲ್ ಪುಸ್ತಕ, ಗೇಮ್?

ಚಾನೆಲ್‌ಗೆ ಈಗಲೇ ಮನೆಯವರೊಬ್ಬರನ್ನು ಮ್ಯಾನೇಜರ್ ಆಗಿ ಸೇರಿಸಿ. ಡೊಮೇನ್ ಹೆಸರು ನಿಮ್ಮ ಕಾರ್ಡ್ ನಿಂತ ದಿನದಿಂದ ಅಪಾಯದಲ್ಲಿರುತ್ತದೆ, ಕೆಲವು ವರ್ಷಕ್ಕೆ ಒಟ್ಟಿಗೆ ಕಟ್ಟಿಬಿಡಿ. ಕಿಂಡಲ್, ಗೇಮ್‌ಗಳು ನಿಮ್ಮವು ಎಂದುಕೊಂಡಿದ್ದೀರಿ, ಅವು ಬರೀ ಬಳಸುವ ಪರವಾನಗಿ. ಅವನ್ನು ಮರೆತುಬಿಡಿ.

ಮಗ ಅಮೆರಿಕದಲ್ಲಿದ್ದಾನೆ, ಅವನ ಖಾತೆಗಳು?

ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ಇದಕ್ಕೆಂದೇ ಕಾನೂನಿದೆ. ಗೂಗಲ್‌ನಂಥ ಕಂಪನಿಯ ಸೆಟ್ಟಿಂಗ್‌ನಲ್ಲಿ ಹೆಸರಿಸಿದ್ದರೆ ಅದಕ್ಕೇ ಮೊದಲ ಮಾನ್ಯತೆ, ಆಮೇಲೆ ವಿಲ್, ಕೊನೆಗೆ ಕಂಪನಿಯ ನಿಯಮ. ಅವನಿಗೆ ಆ ಸೆಟ್ಟಿಂಗ್ ಮಾಡಿಸಿ, ಅಲ್ಲಿನ ಆಸ್ತಿಗೆ ಅಲ್ಲಿನ ವಕೀಲರ ಬಳಿ ವಿಲ್ ಬರೆಸಲಿ.

ಎಲ್ಲ ಸೆಟ್ ಮಾಡಿದೆ. ಸರಿಯಾಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ಐನೂರು ರೂಪಾಯಿಯ ಕಾಯಿನ್ ಅನ್ನು ಬೇರೆ ವಾಲೆಟ್‌ಗೆ ಹಾಕಿ, ಅದರದ್ದೇ ಸೀಡ್ ಮತ್ತು ಪತ್ರ ಮಾಡಿ ಹೆಂಡತಿಗೋ ಮಗಳಿಗೋ ಕೊಡಿ. ನೀವು ಪಕ್ಕದ ಕೋಣೆಗೆ ಹೋಗಿ. ಅವರೇ ತೆಗೆದುಕೊಂಡರೆ ಸರಿ. 'ರೀ, ಇಲ್ಲಿ ಏನೋ ಪಾಸ್‌ಫ್ರೇಸ್ ಅಂತ ಕೇಳ್ತಿದೆ' ಎಂದು ಕರೆದರೆ ಪತ್ರದಲ್ಲಿ ಆ ಸಾಲು ಸೇರಿಸಿ.

ನನ್ನ ಹತ್ತಿರ ಇರೋದೇ ಇಪ್ಪತ್ತು ಸಾವಿರದ ಕ್ರಿಪ್ಟೋ. ಇಷ್ಟೆಲ್ಲ ಬೇಕಾ?

ಬೇಡ. ಒಳ್ಳೆಯ ಎಕ್ಸ್‌ಚೇಂಜ್‌ನಲ್ಲೇ ಇರಲಿ, ನಾಮಿನಿ ಇದ್ದರೆ ಹಾಕಿ, ವಿಲ್‌ನಲ್ಲಿ ಒಂದು ಸಾಲು, ಡೈರಿಯಲ್ಲಿ ಎಕ್ಸ್‌ಚೇಂಜ್‌ನ ಹೆಸರು. ಮಲ್ಟಿಸಿಗ್, ಟೈಮ್‌ಲಾಕ್‌ಗಳ ತಲೆನೋವು ಮನೆಯವರಿಗೆ ನೋವಾಗುವಷ್ಟು ಮೊತ್ತ ಇದ್ದಾಗ ಮಾತ್ರ. ಗೂಗಲ್‌ನ ಸೆಟ್ಟಿಂಗ್ ಮಾತ್ರ ಕ್ರಿಪ್ಟೋ ಇರಲಿ ಬಿಡಲಿ ಎಲ್ಲರೂ ಮಾಡಿ.